ಪ್ರಾರ್ಥನೆ ಮನೆ ಯಾರ ಹೆಸರಿನಲ್ಲಿದೆ?

ಆ ದಿನ ಬೆಳಿಗ್ಗೆ ದಟ್ಟವಾಗಿ ಮಂಜು ಕವಿದಿತ್ತು. ಎದುರಿನ ಆಸ್ಪತ್ರೆಯ ಗೇಟು ಕಾಣುತ್ತಿರಲಿಲ್ಲ, ಅದರ ಮುಂದೆ ಕಾಯುತ್ತ ನಿಂತವರ ಕೆಮ್ಮು ಮಾತ್ರ ಕೇಳುತ್ತಿತ್ತು. ತಕ್ಕಡಿ ರಿಪೇರಿ ಮಾಡುವ ಹಿರಿಯರು, ಎಲ್ಲರ ಬಾಯಲ್ಲಿ ತಕ್ಕಡಿಯವರು, ಎಂದಿನಂತೆ ಪ್ರಾರ್ಥನೆ ಮನೆಯ ಬಾಗಿಲು ತೆಗೆದರು. ನಾಲ್ಕು ಉದ್ದ ಬೆಂಚುಗಳನ್ನು ಒರೆಸಿದರು, ಕುಡಿಯುವ ನೀರು ತುಂಬಿಟ್ಟರು, ಆಮೇಲೆ ಮುಂದಿನ ಕೋಣೆಯಲ್ಲಿ ತಮ್ಮ ಕೆಲಸಕ್ಕೆ ಕೂತರು. ಅಷ್ಟರಲ್ಲಿ ಅಂಚೆಯವನು ಮಂಜಿನೊಳಗಿಂದ ಬಂದು ಲಕೋಟೆಯೊಂದನ್ನು ಕೊಟ್ಟು ಹೋದ.

ಅದು ನಗರಸಭೆಯ ನೋಟಿಸು. ಈ ಕಟ್ಟಡ ನಿಮ್ಮ ಹೆಸರಿನಲ್ಲಿದೆ, ಇದರಲ್ಲಿ ಕಸುಬು ನಡೆಯುತ್ತಿದೆ, ಆದ್ದರಿಂದ ಅಂಗಡಿ ದರದಲ್ಲಿ ತೆರಿಗೆ ಕಟ್ಟಬೇಕು, ತೊಂಬತ್ತು ದಿನ ಮೀರಿದರೆ ಕಟ್ಟಡ ಹರಾಜಿಗೆ ಹೋಗುತ್ತದೆ ಎಂದು ಬರೆದಿತ್ತು. ಬೇರೆ ದಾಖಲೆಗಳಿದ್ದರೆ ತೋರಿಸಬಹುದು ಎಂಬ ಸಾಲೂ ಕೊನೆಯಲ್ಲಿತ್ತು. ಆದರೆ ಹರಾಜು ಎಂಬ ಪದ ಕಂಡ ಮೇಲೆ ಅವರ ಕಣ್ಣು ಅದರಿಂದ ಕೆಳಗಿಳಿಯಲೇ ಇಲ್ಲ. ಕೇಳಿದ್ದ ತೆರಿಗೆ, ವರ್ಷವಿಡೀ ಬರುವ ಕಾಣಿಕೆಗಿಂತ ಹೆಚ್ಚಿತ್ತು.

ಆ ಮನೆ ಹುಟ್ಟಿದ ಬಗೆಯನ್ನು ಇಲ್ಲಿ ಹೇಳಬೇಕು. ಇಪ್ಪತ್ತು ವರ್ಷಗಳ ಹಿಂದೆ ಅವರ ಮಗಳು, ಆರು ವರ್ಷದ ಕೂಸು, ಆ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಜ್ವರದಲ್ಲಿ ಮಲಗಿದ್ದಳು. ಹೊರಗೆ ಕೂರಲು ಜಾಗವಿರಲಿಲ್ಲ. ಅಪ್ಪ ಹನ್ನೊಂದು ದಿನವೂ ರಸ್ತೆಯಲ್ಲೇ ನಿಂತು ದೇವರನ್ನು ಕರೆದರು. ಮಗು ಗುಣವಾಗಿ ಎದ್ದಿತು. ಆ ಋಣ ಅವರ ಎದೆಯಲ್ಲಿ ಕೂತುಬಿಟ್ಟಿತು. ಪರಿಚಿತರು ಕೈಲಾದಷ್ಟು ಕೊಟ್ಟರು. ರಸ್ತೆಯ ಈಚೆಗೆ ಒಂದು ಹಳೆಯ ಮನೆ ಕೊಂಡರು. ಕಾಯುವವರು ಅಲ್ಲಿ ಕೂರಲಿ, ಮನಸ್ಸಾದವರು ಪ್ರಾರ್ಥನೆ ಮಾಡಲಿ, ಯಾರೆಂದು ಯಾರೂ ಕೇಳುವುದು ಬೇಡ. ಖರೀದಿ ಪತ್ರಕ್ಕೆ ಯಾರದಾದರೂ ಹೆಸರು ಬೇಕಿತ್ತು. “ಇವರದೇ ಇರ್ಲಿ ಬಿಡಿ” ಎಂದರು ಎಲ್ಲರೂ. ಬಾಗಿಲು ತೆಗೆಯಲು ಸದಾ ಒಬ್ಬರು ಇರಲಿ ಎಂದು ಮುಂದಿನ ಕೋಣೆಯನ್ನೂ ಅವರ ಕಸುಬಿಗೆ ಬಿಟ್ಟುಕೊಟ್ಟರು. ಎಲ್ಲವೂ ಪ್ರೀತಿಯಿಂದ, ನಂಬಿಕೆಯಿಂದ ಆದದ್ದು. ಇದು ಎಲ್ಲರದು ಎಂಬುದು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ.

ಮಗಳು ಈಗ ಲೆಕ್ಕ ಪರಿಶೋಧಕರ ಕಚೇರಿಯಲ್ಲಿ ಕೆಲಸದಲ್ಲಿದ್ದಳು. ಸಂಜೆ ನೋಟಿಸನ್ನು ಎರಡು ಸಲ ಓದಿ, ಇದರಲ್ಲಿ ನಗರಸಭೆಯವರ ತಪ್ಪೇನೂ ಇಲ್ಲ ಎಂದಳು. ಅವರಿಗೆ ಕಾಣುವುದು ಒಬ್ಬ ಮಾಲೀಕ, ಒಂದು ಅಂಗಡಿ. ಇಲ್ಲೊಂದು ಪ್ರಾರ್ಥನಾ ಸಂಸ್ಥೆ ಇದೆಯೆಂದು ನಾವು ಯಾವತ್ತು ಬರೆದುಕೊಟ್ಟಿದ್ದೇವೆ? ಧರ್ಮಕಾರ್ಯದ ಸಂಸ್ಥೆಗಳಿಗೆ ತೆರಿಗೆ ವಿನಾಯಿತಿ ಇದೆ, ಆದರೆ ಅದು ತಾನಾಗಿ ಮನೆಗೆ ಬರುವುದಿಲ್ಲ. ಮೊದಲು ಸಂಸ್ಥೆಯನ್ನು ನೋಂದಾಯಿಸಬೇಕು. ಆಮೇಲೆ ವಿನಾಯಿತಿಗೆ ಬೇರೆಯೇ ಅರ್ಜಿ ಹಾಕಬೇಕು.

ಅಪ್ಪನಿಗೆ ಸಿಟ್ಟು ಬಂತು.

“ಇನ್ನು ದೇವರಿಗೂ ಗುರುತಿನ ಚೀಟಿ ಮಾಡಿಸ್ಬೇಕೇನಮ್ಮ?”

“ದೇವರಿಗೆ ಬೇಡಪ್ಪ, ದೇವರ ಹೆಸರಲ್ಲಿ ದುಡ್ಡು ತಗೊಳ್ಳೋ ನಮಗೆ ಬೇಕು. ಕಿರಾಣಿಯವನು ತಕ್ಕಡಿ ತಂದ್ರೆ ನೀನು ಏನಂತೀಯ?”

ತಕ್ಕಡಿ ಎಷ್ಟೇ ಸರಿಯಿದ್ದರೂ, ತಪಾಸಣೆಯವರು ಸೀಸದ ಬಿಲ್ಲೆಯ ಮೇಲೆ ಆ ವರ್ಷದ ಮುದ್ರೆ ಒತ್ತುವ ತನಕ ಅದರಲ್ಲಿ ತೂಗಬೇಡಿ, ಗಿರಾಕಿ ನಿಮ್ಮ ಮನಸ್ಸಿನೊಳಗೆ ಇಣುಕಿ ನೋಡಲಾರ ಎಂದು ದಿನಕ್ಕೆ ಹತ್ತು ಜನರಿಗೆ ಹೇಳುವವರು ಅಪ್ಪನೇ. ಮಗಳು ಅದೇ ಮಾತನ್ನು ಅವರ ತಟ್ಟೆಗೇ ಬಡಿಸಿದ್ದಳು.

ಮರುವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಸೇರಿದರು. ಒಂಬತ್ತು ಜನರ ಸಮಿತಿಯಾಯಿತು. ಆ ಆಸ್ಪತ್ರೆಯಲ್ಲೇ ದುಡಿದು ನಿವೃತ್ತರಾಗಿದ್ದ ನರ್ಸಮ್ಮನನ್ನು ಅಧ್ಯಕ್ಷೆ ಮಾಡಿದರು. ಮಗಳು ನಿಯಮಾವಳಿ ಓದುತ್ತ ಹೋದಳು. ಸಂಸ್ಥೆಯ ಉದ್ದೇಶ ಇಂಥದ್ದು. ಬಾಗಿಲು ಎಲ್ಲರಿಗೂ ತೆರೆದಿರಬೇಕು. ಸಂಸ್ಥೆಯ ಹೆಸರಿನಲ್ಲೇ ಬ್ಯಾಂಕ್ ಖಾತೆ, ಪ್ರತಿ ಕಾಣಿಕೆಗೂ ರಸೀದಿ, ವರ್ಷಕ್ಕೊಮ್ಮೆ ಪರಿಶೋಧನೆ. ಸಂಸ್ಥೆಯ ಆಸ್ತಿಯಿಂದ ಯಾವ ಸದಸ್ಯನಿಗೂ ಸ್ವಂತ ಲಾಭ ಕೂಡದು. ಎಲ್ಲರೂ ತಲೆಯಾಡಿಸಿದರು. ಕೊನೆಯ ನಿಯಮ ಬಂದಾಗ ತಕ್ಕಡಿಯವರು ಕೈಯೆತ್ತಿ ತಡೆದರು.

ಮುಂದೊಂದು ದಿನ ಈ ಸಂಸ್ಥೆ ಮುಚ್ಚಿಹೋದರೆ ಇದರ ಆಸ್ತಿ ಸದಸ್ಯರಿಗೆ ಹಂಚಿಕೆಯಾಗದು, ಇಂಥದೇ ಕೆಲಸ ಮಾಡುವ ಇನ್ನೊಂದು ಸಂಸ್ಥೆಗೆ ಸೇರಬೇಕು ಎಂದಿತ್ತು ಆ ನಿಯಮ.

“ಮುಚ್ಚಿಹೋದರೆ ಅನ್ನೋದನ್ನ ತೆಗಿ” ಎಂದರು. “ತೊಟ್ಟಿಲು ಕಟ್ಟೋ ಹೊತ್ತಲ್ಲಿ ಯಾರಾದ್ರೂ ಚಟ್ಟದ ಮಾತಾಡ್ತಾರಾ? ಇದಕ್ಕೆ ನಾನು ಸಹಿ ಹಾಕಲ್ಲ.”

ಈ ಸಾಲಿಲ್ಲದೆ ವಿನಾಯಿತಿ ಸಿಗುವುದಿಲ್ಲ ಎಂದು ಮಗಳು ಬಿಡಿಸಿ ಹೇಳಿದಳು. ಅವರು ಜಗ್ಗಲಿಲ್ಲ. ಇಪ್ಪತ್ತು ವರ್ಷ ಪ್ರತಿದಿನ ಬಾಗಿಲು ತೆಗೆದ ಕೈ ಅದು. ಮುಚ್ಚುವ ಮಾತನ್ನು ಬರೆ ಎಂದರೆ ಹೇಗೆ ಬರೆದೀತು? ಕಟ್ಟಡದ ಪತ್ರ ಅವರ ಹೆಸರಿನಲ್ಲಿತ್ತು, ಅವರ ಸಹಿ ಇಲ್ಲದೆ ಯಾವುದೂ ನಡೆಯುವಂತಿರಲಿಲ್ಲ. ಎರಡು ವಾರ ಅರ್ಜಿ ಹಾಗೇ ಬಿದ್ದಿತ್ತು. ತೊಂಬತ್ತರಲ್ಲಿ ಉಳಿದಿದ್ದು ಅರುವತ್ತೆಂಟು ದಿನ.

ಒಂದು ಮಧ್ಯಾಹ್ನ ನರ್ಸಮ್ಮ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ತಕ್ಕಡಿಯವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಈ ಬೆಂಚು ಎಲ್ಲಿಂದ ಬಂತು ಗೊತ್ತೇ ಎಂದು ಕೇಳಿದರು. ನೀವೇ ಕೊಡಿಸಿದ್ದಲ್ಲವೇ ಎಂದರು ತಕ್ಕಡಿಯವರು.

“ನಾನು ಕೊಡಿಸಿದ್ದಲ್ಲಣ್ಣ. ಕೆರೆ ಹಿಂದಿನ ಬೀದೀಲಿ ನಮ್ಮದೂ ಒಂದು ಪ್ರಾರ್ಥನೆ ಮನೆ ಇತ್ತು. ಒಬ್ಬೊಬ್ಬರೇ ಹೋಗ್ತಾ ಹೋಗ್ತಾ ಕೊನೆಗೆ ಮೂರು ಜನ ಮುದುಕಿಯರು ಉಳಿದ್ವಿ. ಮುಚ್ಚಿದ ದಿನ ಕಾರ್ಯದರ್ಶಿಯ ಅಳಿಯ ಗಾಡಿ ತಂದು ನಿಲ್ಲಿಸಿದ್ದ, ಬೆಂಚು ಹೊತ್ಕೊಂಡು ಹೋಗೋಕೆ. ನಮ್ಮ ನಿಯಮದಲ್ಲಿ ನೀವು ಬೇಡ ಅಂತೀರಲ್ಲ, ಆ ಸಾಲಿತ್ತು. ತೋರಿಸಿದೆ. ಬಾಯಿ ಮುಚ್ಕೊಂಡು ಹೋದ. ಬೆಂಚು ಇಲ್ಲಿಗೆ ಬಂತು.”

ತಕ್ಕಡಿಯವರು ಬೆಂಚಿನ ಅಂಚನ್ನು ಕೈಯಿಂದ ಸವರಿದರು. ಆ ಮನೆಯವರು ತಮ್ಮ ಕೊನೆಯನ್ನು ಧೈರ್ಯವಾಗಿ ಬರೆದಿಟ್ಟಿದ್ದರಿಂದ, ಮೂವರು ಮುದುಕಿಯರು ಅದನ್ನು ಬಿಡದೆ ಹಿಡಿದದ್ದರಿಂದ ಇಷ್ಟು ವರ್ಷ ಎಷ್ಟು ತಂದೆತಾಯಂದಿರು ಇಲ್ಲಿ ಬೆನ್ನು ಆನಿಸಿ ಕೂತರು. ಎದುರಿನ ಬೆಂಚಿನಲ್ಲಿ ಆಗಲೂ ಒಬ್ಬ ಹೆಂಗಸು, ಆಸ್ಪತ್ರೆಯ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು, ಕುಳಿತಲ್ಲೇ ನಿದ್ದೆ ಹೋಗಿದ್ದಳು. ಆಕೆ ಏಳದ ಹಾಗೆ ಅವರು ಮೆಲ್ಲಗೆ ಕೇಳಿದರು: “ಪೆನ್ನಿದೆಯಾ ಅಕ್ಕ?”

ಆಮೇಲೆ ಕೆಲಸಗಳು ಒಂದರ ಹಿಂದೆ ಒಂದು ನಡೆದವು. ಸಂಸ್ಥೆ ನೋಂದಣಿಯಾಯಿತು. ಮನೆಯ ಪತ್ರ ಅವರ ಹೆಸರಿನಿಂದ ಸಂಸ್ಥೆಯ ಹೆಸರಿಗೆ ಬದಲಾಯಿತು. ನೋಂದಣಿಯ ಪ್ರತಿ ಸೇರಿಸಿ ವಿನಾಯಿತಿಗೆ ಅರ್ಜಿ ಹೋಯಿತು. ಹರಾಜು ತಡೆಯಲು ನಗರಸಭೆಗೂ ಒಂದು ಮನವಿ ಕೊಟ್ಟರು. ಪರಿಶೀಲನೆಗೆ ಬಂದ ಅಧಿಕಾರಿಣಿ ನೀರು ಕುಡಿದು, ಎಲ್ಲವನ್ನೂ ನೋಡಿ, ಹಿಂದಿನ ಸಭಾಂಗಣಕ್ಕೆ ವಿನಾಯಿತಿ ಸಿಗುತ್ತದೆ ಎಂದರು. ಮುಂದಿನ ಕೋಣೆಯಲ್ಲಿ ಸ್ವಂತ ಕಸುಬು ಇರುವ ತನಕ ಅಷ್ಟಕ್ಕೆ ಮಾತ್ರ ತೆರಿಗೆ ಬೀಳುತ್ತದೆ, ಬಾಡಿಗೆಯನ್ನೂ ಸಂಸ್ಥೆಗೆ ಕಟ್ಟಬೇಕು ಎಂದು ವಿವರಿಸಿದರು. ಸ್ಥಾಪಕರು ತಾನೇ, ಇರಲಿ ಬಿಡಿ ಎಂದರು ಸಮಿತಿಯವರು. ತಕ್ಕಡಿಯವರು ಮುಂದಿನ ಕೋಣೆಯನ್ನು ಗೋಡೆಯಿಂದ ಗೋಡೆಗೆ ಕಣ್ಣಲ್ಲೇ ಅಳೆದರು.

ಎಂಬತ್ತಮೂರನೆಯ ದಿನ ವಿನಾಯಿತಿಯ ಮಾನ್ಯತೆ ಪತ್ರ ಬಂತು, ಹರಾಜಿನ ನೋಟಿಸು ರದ್ದಾಯಿತು. ಮಗಳು ಗಟ್ಟಿಯಾಗಿ ಓದಿದಳು. ಕೆಲವರು ಕಣ್ಣು ಮುಚ್ಚಿ ಕೂತರು. ಕಚೇರಿಯವರಿಗೂ, ಕಾಣಿಕೆ ಕೊಟ್ಟವರಿಗೂ, ಆ ಮೂವರು ಮುದುಕಿಯರಿಗೂ ಸೇರಿಸಿ ಅಂದು ಪ್ರಾರ್ಥನೆ ಸಲ್ಲಿಸಿದರು.

ಅಕ್ಕಂದಿರೇ, ಅಣ್ಣಂದಿರೇ, ನೀವು ಸೇರುವ ಪ್ರಾರ್ಥನೆಯ ಜಾಗ ಯಾವುದೇ ಇರಲಿ, ಅದು ಯಾರ ಹೆಸರಿನಲ್ಲಿದೆ ಎಂದು ಈ ವಾರವೇ ಕೇಳಿ ನೋಡಿ. ಒಬ್ಬರ ಹೆಸರಿನಲ್ಲಿದ್ದರೆ ಅವರ ಮೇಲೆ ಅನುಮಾನ ಪಡಬೇಡಿ, ಇಷ್ಟು ದಿನ ಕಾಪಾಡಿದ್ದಕ್ಕೆ ಕೈ ಮುಗಿಯಿರಿ. ಆಮೇಲೆ ಎಲ್ಲರೂ ಕೂತು ನಿಯಮ ಬರೆಯಿರಿ, ನೋಂದಾಯಿಸಿ, ವಿನಾಯಿತಿಗೆ ಬೇರೆ ಅರ್ಜಿ ಹಾಕಿ, ಪ್ರತಿ ವರ್ಷ ಲೆಕ್ಕ ಒಪ್ಪಿಸಿ. ನಿಯಮಗಳು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ, ನಿಮ್ಮ ನೋಂದಣಿ ಕಚೇರಿಯಲ್ಲೇ ವಿಚಾರಿಸಿ. ತೆರಿಗೆ ಬಿಡುವುದೆಂದರೆ ಊರು ತನ್ನ ಪಾಲಿನ ಹಣವನ್ನು ನಿಮ್ಮ ಸೇವೆಯನ್ನು ನಂಬಿ ಬಿಟ್ಟುಕೊಟ್ಟಂತೆ. ಆ ನಂಬಿಕೆಗೆ ತಕ್ಕಂತೆ ನಡೆಯಿರಿ.

ಇನ್ನೊಂದು ಮಾತು ಉಳಿದಿದೆ. ಪತ್ರ ಬಂದ ಮೂರನೆಯ ದಿನ ನರ್ಸಮ್ಮ ಬೇಗನೆ ಬಂದಾಗ ಮುಂದಿನ ಕೋಣೆ ಖಾಲಿಯಾಗಿತ್ತು. ಸರಳು, ತಟ್ಟೆ, ಹಿತ್ತಾಳೆಯ ತೂಕದ ಬಟ್ಟುಗಳೆಲ್ಲ ತಕ್ಕಡಿಯವರ ಮನೆಯ ಜಗಲಿ ಸೇರಿದ್ದವು. ನೆಲ ಗುಡಿಸಿ, ನೀರು ಹಾಕಿ ಒರೆಸಿಯಾಗಿತ್ತು. ತಕ್ಕಡಿಯವರು ಹೊಸ್ತಿಲ ಹತ್ತಿರ ನಿಂತಿದ್ದರು.

“ಇಲ್ಲಿ ಇನ್ನೂ ಎಂಟು ಜನ ಕೂರಬಹುದು” ಎಂದು ಹೇಳಿ, ಕೋಣೆಯ ಬೀಗದ ಕೈಯನ್ನು ನರ್ಸಮ್ಮನ ಅಂಗೈಯಲ್ಲಿಟ್ಟು, ಹಿಂದಿರುಗಿ ನೋಡದೆ ಬೆಂಚು ಒರೆಸಲು ಒಳಗೆ ಹೋದರು.