ದಿಬ್ಬಣದ ಕುದುರೆ

ಇಲ್ಡಿಕೊ ಎಂಬ ಹಂಗೇರಿ ದೇಶದ ಹೆಂಗಸಿಗೆ ಕುದುರೆ ಹುಡುಕಿಕೊಟ್ಟವಳು ರೇವತಿಯೇ. ಆಮೇಲೆ ಪಟ್ಟ ಭಯಕ್ಕೆಲ್ಲ ಅದೇ ಮೂಲ. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಆಗುತ್ತಿತ್ತು. ಆದರೆ ಮನೆಗೆ ಬಂದವರು ಏನಾದರೂ ಕೇಳಿದರೆ ಇಲ್ಲ ಎನ್ನುವ ವಿದ್ಯೆ ರೇವತಿಗೆ ಹುಟ್ಟಿದಂದಿನಿಂದ ಬಂದಿಲ್ಲ.

ಕಾಳುಮೆಣಸಿನ ಬೇರು ಕೊಳೆಯುವ ರೋಗದ ಅಧ್ಯಯನಕ್ಕೆಂದು ಬಂದ ಇಲ್ಡಿಕೊ, ಬಣಕಲ್ ಹತ್ತಿರ ರೇವತಿಯ ಎಸ್ಟೇಟಿನ ಔಟ್‌ಹೌಸನ್ನು ಎರಡು ವರ್ಷಕ್ಕೆ ಬಾಡಿಗೆಗೆ ಹಿಡಿದಿದ್ದಳು. ಐವತ್ತರ ಆಸುಪಾಸಿನ ಗಟ್ಟಿ ಜೀವ. ಕೀನ್ಯಾ, ಟರ್ಕಿ, ಪೆರು ಎಂದು ಎಲ್ಲೆಲ್ಲೋ ಇದ್ದು ಬಂದವಳು. ಯಾವ ದೇಶಕ್ಕೆ ಹೋದರೂ ಮೊದಲ ತಿಂಗಳೊಳಗೆ ಕುದುರೆ ಸವಾರಿಗೊಂದು ಜಾಗ ಹುಡುಕಿಕೊಳ್ಳುತ್ತಿದ್ದಳಂತೆ. ಕುದುರೆ ಮೇಲೆ ಕೂತು ಒಂದು ಸುತ್ತು ಹೋಗಿ ಬರುವ ತನಕ ಯಾವ ಊರೂ ತನ್ನದು ಅನ್ನಿಸುವುದಿಲ್ಲ ಎನ್ನುತ್ತಿದ್ದಳು. ಇಲ್ಲಿಗೆ ಬಂದು ಆರು ತಿಂಗಳಾಗಿತ್ತು. ಇನ್ನೂ ಪರದೇಶಿಯಾಗಿಯೇ ಇದ್ದಾಳಲ್ಲ ಎಂದು ರೇವತಿ ಮರುಗಿದಳು.

ರೇವತಿ ಫೋನು ಮಾಡದ ಜಾಗವಿಲ್ಲ. ಚಿಕ್ಕಮಗಳೂರಿನ ರೆಸಾರ್ಟ್ ಒಂದರಲ್ಲಿ ಕುದುರೆಯೇನೋ ಇತ್ತು, ಅದು ಫೋಟೋಕ್ಕೆ ನಿಲ್ಲುವ ಕುದುರೆ. ಹತ್ತು ಹೆಜ್ಜೆ ನಡೆದರೆ ಅದಕ್ಕೇ ಸುಸ್ತು. ಕಳಸದ ಕಡೆಯ ಪ್ಲಾಂಟರೊಬ್ಬರು ಹಿಂದೆ ಸಾಕಿದ್ದರು, ಈಗ ಆ ಲಾಯದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೂತಿದೆ. ಕೊನೆಗೆ ಸಿಕ್ಕಿದವನು ಮದುವೆ ದಿಬ್ಬಣಗಳಿಗೆ ಕುದುರೆ ತರುವ ಗುರುವಯ್ಯ. ಧನುರ್ಮಾಸ ಶುರುವಾಗಿತ್ತು. ಮದುವೆಗಳಿಲ್ಲದ ತಿಂಗಳಲ್ಲಿ ಕುದುರೆಗೆ ಹುಲ್ಲು ಹಾಕುವವರು ಯಾರಾದರೂ ಸಿಕ್ಕರೆ ಅವನಿಗೂ ಬೇಕಿತ್ತು. ಹಾಲಿನಂಥ ಬಿಳಿ ಹೆಣ್ಣು ಕುದುರೆ, ಹೆಸರು ಸಕ್ಕರೆ.

ಜೀಪ್ ಶೆಡ್ಡಿನಲ್ಲಿ ಅದನ್ನು ಕಟ್ಟುತ್ತಾ ಗುರುವಯ್ಯ ಹೆಮ್ಮೆಯಿಂದ ಹೇಳಿದ: “ಪಟಾಕಿಗೆಲ್ಲ ಹೆದರೋ ಜಾತಿ ಅಲ್ಲ ಅಮ್ಮಾವ್ರೇ ಇದು. ಕಿವಿ ಪಕ್ಕ ಹೊಡೆದ್ರೂ ಓಡಲ್ಲ. ಸದ್ದು ಕೇಳಿದ್ರೆ ಸಾಕು, ನಿಂತಲ್ಲೇ ಕುಣೀತದೆ. ನಾನು ಮುಂದೆ ಹಗ್ಗ ಹಿಡಿದು ಹೆಜ್ಜೆ ಹಾಕಿದ್ರೆ ಮಾತ್ರ ಮುಂದಕ್ಕೆ ಬರ್ತದೆ.”

ಎಷ್ಟು ಸಾಧು ಪ್ರಾಣಿ ಎಂದು ರೇವತಿ ಅದರ ಕತ್ತು ತಡವಿದಳು. ಆ ಮಾತನ್ನು ಅವಳು ಹೊಗಳಿಕೆ ಎಂದುಕೊಂಡಳೇ ಹೊರತು ಎಚ್ಚರಿಕೆ ಎಂದುಕೊಳ್ಳಲಿಲ್ಲ.

ಮುಂದೆ ಯಾರೂ ಇಲ್ಲದೆ ನಡೆಯುವುದನ್ನು ಸಕ್ಕರೆಗೆ ಕಲಿಸಲು ಇಲ್ಡಿಕೊಗೆ ಒಂದು ವಾರ ಹಿಡಿಯಿತು. ಆಮೇಲೆ ದಿನವೂ ಬೆಳಿಗ್ಗೆ ಏಳಕ್ಕೆ ಸವಾರಿ. ತೋಟದ ಏಳನೇ ಬ್ಲಾಕಿನ ನಡುವಿನ ರಸ್ತೆಯಲ್ಲಿ ಕೆರೆ ಏರಿಯ ತನಕ ಹೋಗಿ ವಾಪಸ್ಸು. ಹೋಗುವ ಮುಂಚೆ ಜಗಲಿಯ ಮುಂದೆ ನಿಂತು, ತಾನು ಕಲಿತ ಮೊದಲ ಕನ್ನಡ ವಾಕ್ಯವನ್ನು ಕೇಳುತ್ತಿದ್ದಳು: “ರೇವತಿ, ಇವತ್ತು ಆನೆ ಎಲ್ಲಿ?”

ಅದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ಆ ಸೀಮೆಯಲ್ಲಿ ಒಂಟಿ ಸಲಗವೊಂದು ಓಡಾಡುತ್ತಿತ್ತು. ಹೋದ ವರ್ಷ ಪಕ್ಕದ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದ ವಿಮಲಮ್ಮನನ್ನು ತುಳಿದು ಕೊಂದಿತ್ತು. ಅದು ಎಲ್ಲಿದೆ ಎಂಬ ಸುದ್ದಿ ದಿನವೂ ತೋಟದವರ ವಾಟ್ಸಾಪ್ ಗುಂಪಿಗೆ ಬರುತ್ತಿತ್ತು. ರೇವತಿ ಓದಿ ಹೇಳುವಳು, ಇಲ್ಡಿಕೊ ತಲೆಯಾಡಿಸಿ ಹೊರಡುವಳು. ಮತ್ತೊಂದು ಮಾತು ಕೇಳುತ್ತಿರಲಿಲ್ಲ. ಯಾವುದೋ ದೇಶದ ಹೆಂಗಸು ತನ್ನ ಬಾಯಿಮಾತಿನ ಮೇಲೆ ಜೀವ ಇಟ್ಟು ಹೋಗುತ್ತಾಳಲ್ಲ ಎಂದು ರೇವತಿಗೆ ಒಳಗೊಳಗೇ ಹಿಗ್ಗು.

ಆ ಗುರುವಾರ ಕಣದ ತುಂಬ ಜನ. ಕಾಫಿ ಹರಡುವುದು, ಕೊಯ್ಲಿನವರನ್ನು ಬ್ಲಾಕುಗಳಿಗೆ ಕಳಿಸುವುದು, ಒಲೆಯ ಮೇಲೆ ಹಾಲು. ಗಂಡ ಮೂಡಿಗೆರೆಗೆ ಹೋಗಿದ್ದ. ಇಲ್ಡಿಕೊ ಎಂದಿನಂತೆ ಕೇಳಿದಳು. ರೇವತಿ ಫೋನು ತೆಗೆದು ನೋಡಿ, “ಹೊಳೆ ಆಚೆ ಇದೆ, ಹೋಗಿ ಬಾ” ಎಂದಳು. ಬಿಳಿ ಕುದುರೆ ಮಂಜಿನಲ್ಲಿ ಕರಗಿತು.

ಹತ್ತು ನಿಮಿಷ ಕಳೆದಿರಬೇಕು. ಪಾತ್ರೆ ತರಲು ಹಿತ್ತಲಿನ ಪೇರಲೆ ಮರದ ಹತ್ತಿರ ಹೋದಾಗ ಫೋನು ಕುಯ್ಯೆಂದಿತು. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ‘ಸಲಗ ಬೆಳಗಿನ ಜಾವ ಹೊಳೆ ದಾಟಿದೆ. ಕೆರೆ ಏರಿ ಕೆಳಗಿದೆ. ಯಾರೂ ಹೋಗಬೇಡಿ.’ ರೇವತಿ ಬೆರಳಿನಿಂದ ಮೇಲಕ್ಕೆ ಸರಿಸಿದಳು. ತಾನು ಓದಿ ಹೇಳಿದ್ದು ನಿನ್ನೆಯ ಮೆಸೇಜು! ದಿನವೂ ಅದೇ ಮಾತು, ಅದೇ ಹೊಳೆ. ಸಮಯ ನೋಡಿರಲೇ ಇಲ್ಲ. ಕೈಯಲ್ಲಿದ್ದ ಪಾತ್ರೆ ಎಲ್ಲಿ ಬಿತ್ತೋ ಅವಳಿಗೆ ಗೊತ್ತಾಗಲಿಲ್ಲ.

“ತಿಮ್ಮಪ್ಪಾ, ಜೀಪು!”

ಮೇಸ್ತ್ರಿ ತಿಮ್ಮಪ್ಪ ಅವಳ ಮುಖ ನೋಡಿದವನೇ ಏನೂ ಕೇಳದೆ ಆನೆ ಓಡಿಸಲು ಇಟ್ಟಿದ್ದ ಸರಪಟಾಕಿಯ ಚೀಲ ಹೆಗಲಿಗೆ ಹಾಕಿಕೊಂಡ. ಇಲ್ಡಿಕೊ ಸವಾರಿಗೆ ಫೋನು ಒಯ್ಯುತ್ತಿರಲಿಲ್ಲ, ಒಯ್ದಿದ್ದರೂ ಅಲ್ಲಿ ಸಿಗ್ನಲ್ ಇಲ್ಲ. ದಾರಿಯುದ್ದಕ್ಕೂ ರೇವತಿಯ ಕಣ್ಣ ಮುಂದೆ ಹೋದ ವರ್ಷ ಗಿಡಗಳ ನಡುವೆ ಕಂಡಿದ್ದ ವಿಮಲಮ್ಮನ ಸೀರೆಯೇ ಬರುತ್ತಿತ್ತು. ನಾನು ಕೊಂದೆ, ನಾನೇ ಹೋಗು ಅಂದೆ ಎಂದು ಗೊಣಗುತ್ತಿದ್ದಳು.

ಏಳನೇ ಬ್ಲಾಕಿನ ತಿರುವಿನಲ್ಲಿ ಹಲಸಿನ ಮರವೊಂದು ಉರುಳಿ ರಸ್ತೆಗೆ ಅಡ್ಡ ಬಿದ್ದಿತ್ತು. ಬದಿಯ ಸಂದಿನಲ್ಲಿ ಕುದುರೆ ನುಸುಳಬಹುದು, ಜೀಪು ಮುಂದಕ್ಕೆ ಹೋಗುವಂತಿಲ್ಲ. ಇಳಿಜಾರಿನಲ್ಲಿ ನೂರು ಮಾರು ಕೆಳಗೆ, ಮನೆಯ ಕಡೆ ಮುಖ ಮಾಡಿ ಸಕ್ಕರೆ ಬರುತ್ತಿತ್ತು. ಬೆನ್ನ ಮೇಲೆ ಇಲ್ಡಿಕೊ ನೆಟ್ಟಗೆ ಕೂತಿದ್ದಳು. ಅವಳ ಹಿಂದೆ, ಮೂವತ್ತು ಮಾರಿನ ಆಚೆ, ಕಾಫಿ ಗಿಡಗಳ ಮೇಲೆ ಬೂದು ಬಣ್ಣದ ಬೆನ್ನೊಂದು ನಿಂತಿತ್ತು. ಇಲ್ಡಿಕೊ ಅದನ್ನು ಕಂಡಿರಲಿಲ್ಲ.

ರೇವತಿ ಬಾಯಿ ತೆರೆಯುವುದರೊಳಗೆ ತಿಮ್ಮಪ್ಪ ಸರಕ್ಕೆ ಬೆಂಕಿ ಕೊಟ್ಟು ಎಸೆದ. ಢಮಢಮ ಸದ್ದಿಗೆ ಇಡೀ ಕಣಿವೆ ಅದುರಿತು. ಸಲಗ ಎರಡು ಹೆಜ್ಜೆ ಹಿಂದಕ್ಕೆ ಸರಿದು ಕಿವಿ ಅಗಲಿಸಿತು. ಇನ್ನು ಕುದುರೆ ಓಡಿ ಬರುತ್ತದೆ ಎಂದು ರೇವತಿ ಕಾದಳು.

ಕುದುರೆ ಓಡಲಿಲ್ಲ. ನಿಂತಲ್ಲೇ ಕತ್ತು ಬಾಗಿಸಿ, ಒಂದು ಕಾಲು ಎತ್ತಿ, ಇನ್ನೊಂದು ಕಾಲು ಎತ್ತಿ ಕುಣಿಯತೊಡಗಿತು. ಮದುವೆ ಮನೆಯ ಮುಂದೆ ಮದುಮಗನನ್ನು ಹೊತ್ತು ಹೇಗೆ ಕುಣಿಯುತ್ತಿತ್ತೋ ಹಾಗೆಯೇ. ಇಲ್ಡಿಕೊ ಕಾಲಿನಿಂದ ಒತ್ತಿದಳು, ಲಗಾಮು ಸಡಿಲಿಸಿದಳು, ಏನೇನೋ ಹೇಳಿದಳು. ಸಕ್ಕರೆ ಅಲ್ಲಿಂದ ಕದಲಲಿಲ್ಲ. ಇವರಿಗೇನು ಹುಚ್ಚು ಹಿಡಿದಿದೆಯೇ ಎಂಬಂತೆ ಇಲ್ಡಿಕೊ ಸಿಟ್ಟಿನಿಂದ ಮೇಲಕ್ಕೆ ನೋಡಿದಳು. ಅವಳ ಹಿಂದೆ ಸಲಗ ಮಣ್ಣು ಕೆರೆಯುತ್ತಿತ್ತು.

ಸರ ಮುಗಿಯಿತು, ಆದರೂ ಹಗ್ಗ ಹಿಡಿಯುವವನಿಗೆ ಕಾದಂತೆ ಸಕ್ಕರೆ ನಿಂತೇ ಇತ್ತು. ತಿಮ್ಮಪ್ಪ ಇನ್ನೊಂದನ್ನು ತೆಗೆದ. ರೇವತಿ ಅವನ ಕೈ ಹಿಡಿದಳು.

“ಬೇಡ ಮಾರಾಯ, ಬೇಡ! ನೀ ಹೊಡೆದಷ್ಟು ಹೊತ್ತು ಅದು ಕುಣೀತಾ ನಿಲ್ತದೆ.”

“ಹೊಡೀದೆ ಇದ್ರೆ ಆನೆ ಮುಂದೆ ಬರ್ತದೆ, ಅಮ್ಮಾ!”

ಎರಡೂ ನಿಜವಾಗಿತ್ತು. ರೇವತಿ ಪಟಾಕಿಯನ್ನು ಕಿತ್ತುಕೊಂಡು ಬದಿಯಲ್ಲಿ ನೀರು ಹರಿಯಲು ತೋಡಿದ್ದ ಕಪ್ಪಿಗೆ ಎಸೆದಳು. ಚಪ್ಪಲಿ ಬಿಟ್ಟಳು. ಮರ ದಾಟಿ ಕೆಳಕ್ಕೆ ನಡೆದಳು. ಧೈರ್ಯ ಎಂದು ಯಾರೂ ಹೇಳಬೇಡಿ. ಓಡಿದರೆ ಕುದುರೆ ಬೆದರುತ್ತದೆ, ನಿಂತರೆ ತಾನು ವಾಪಸ್ಸು ಓಡಿಬಿಡುತ್ತೇನೆ ಎಂದು ಗೊತ್ತಿದ್ದರಿಂದ ಸುಮ್ಮನೆ ನಡೆಯುತ್ತಿದ್ದಳು. ಪಟಾಕಿ ನಿಂತ ಮೇಲಿನ ಮೌನ ಇನ್ನೂ ಘೋರವಾಗಿತ್ತು. ಸಲಗ ಉಸಿರು ಬಿಡುವುದು ಅವಳಿಗೆ ಕೇಳಿಸುತ್ತಿತ್ತು.

ಕುದುರೆಯ ಹತ್ತಿರ ಬಂದು ಗಲ್ಲದ ಹಗ್ಗ ಹಿಡಿದಳು. “ಹಿಂದೆ ನೋಡಬೇಡ” ಎಂದಳು. ಇಲ್ಡಿಕೊಗೆ ಅರ್ಥವಾಯಿತೋ ಇಲ್ಲವೋ, ಅವಳು ಹಿಂದೆ ನೋಡಿಯೇ ಬಿಟ್ಟಳು. ಆದರೆ ಕೂಗಲಿಲ್ಲ, ಕೂತ ಭಂಗಿ ಬಿಡಲಿಲ್ಲ.

ರೇವತಿ ಗುರುವಯ್ಯನ ಹಾಗೆ ಮುಂದೆ ನಿಂತು ಹೆಜ್ಜೆ ಹಾಕಿದಳು. ಸಕ್ಕರೆ ಅವಳ ಹಿಂದೆ ಹೊರಟಿತು, ಅದೇ ದಿಬ್ಬಣದ ನಡಿಗೆಯಲ್ಲಿ, ಅವಸರವೇ ಇಲ್ಲದೆ. ಇದಕ್ಕಿಂತ ನಿಧಾನವಾದ ನಡಿಗೆಯನ್ನು ರೇವತಿ ಜನ್ಮದಲ್ಲಿ ಕಂಡಿರಲಿಲ್ಲ. ಹಿಂದೆ ಕಾಫಿ ಗಿಡಗಳು ಲಟಲಟನೆ ಮುರಿದವು. ತಿರುಗಿ ನೋಡುವ ಧೈರ್ಯ ಅವಳಿಗಿರಲಿಲ್ಲ. ಮೇಲೆ ನಿಂತಿದ್ದ ತಿಮ್ಮಪ್ಪನ ಮುಖವನ್ನೇ ನೋಡುತ್ತಾ ನಡೆದಳು. ಅವನ ಬಾಯಿ ತೆರೆಯಿತು. ಸಲಗ ರಸ್ತೆಗೆ ಬಂತು ಎಂದು ತಿಳಿಯಿತು. ಅವನು ಕೈಯನ್ನು ತಲೆಯ ಮೇಲಿಟ್ಟುಕೊಂಡ. ಅದು ಹಿಂದೆಯೇ ಬರುತ್ತಿದೆ ಎಂದು ತಿಳಿಯಿತು. ಕಳಸೇಶ್ವರನ ಹೆಸರು, ಹೊರನಾಡಿನ ಅಮ್ಮನ ಹೆಸರು, ಸತ್ತ ತನ್ನ ಅವ್ವನ ಹೆಸರು, ಎಲ್ಲವನ್ನೂ ಒಟ್ಟಿಗೆ ಕರೆದಳು. ಎಷ್ಟೋ ಹೊತ್ತಿನ ಮೇಲೆ ತಿಮ್ಮಪ್ಪ ಕೈ ಇಳಿಸಿ, ಅಲ್ಲೇ ರಸ್ತೆಯ ಮೇಲೆ ಕುಕ್ಕರಿಸಿ ಅಳತೊಡಗಿದ. ಸಲಗ ತಿರುಗಿ ಕೆರೆಯ ಕಡೆ ಇಳಿದಿತ್ತು.

ಮನೆ ಮುಟ್ಟಿದ ಮೇಲೆ ರೇವತಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ನಾನು ಓದಿದ್ದು ನಿನ್ನೆಯ ಸುದ್ದಿ. ಸಮಯ ನೋಡಲಿಲ್ಲ.”

ಇಲ್ಡಿಕೊ ಔಟ್‌ಹೌಸಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಗುರುವಯ್ಯ ಬಂದು ಕುದುರೆ ಹೊಡೆದುಕೊಂಡು ಹೋದ. ಆಮೇಲೆ ಇಲ್ಡಿಕೊ ಬೆಳಿಗ್ಗೆ ಜಗಲಿಯ ಮುಂದೆ ನಿಲ್ಲಲಿಲ್ಲ. ಆನೆ ಎಲ್ಲಿ ಎಂದು ತಿಮ್ಮಪ್ಪನನ್ನು ಕೇಳಿ ಹಿಂದಿನ ಗೇಟಿನಿಂದ ಕೆಲಸಕ್ಕೆ ಹೋಗುತ್ತಿದ್ದಳು. ಬೈದಿದ್ದರೆ ರೇವತಿ ಸಹಿಸುತ್ತಿದ್ದಳು. ಅವಳಿಗೆ ಊಟ ಸೇರದಂತಾಯಿತು.

ಸಂಕ್ರಾಂತಿ ಕಳೆದು ಪಕ್ಕದ ತೋಟದ ಪ್ರಶಾಂತನ ಮದುವೆ ಬಂತು. ಇಬ್ಬರಿಗೂ ಕರೆ ಇತ್ತು. ಬಣಕಲ್‌ನ ಕಲ್ಯಾಣ ಮಂಟಪದ ಮುಂದೆ ಜನರ ಗುಂಪಿನಲ್ಲಿ ಅವರು ದೂರ ದೂರ ನಿಂತಿದ್ದರು. ಬ್ಯಾಂಡು ಮೊಳಗಿತು. ಗುರುವಯ್ಯ ಹಗ್ಗ ಹಿಡಿದು ಬಂದ, ಹಿಂದೆ ಪ್ರಶಾಂತನನ್ನು ಹೊತ್ತ ಸಕ್ಕರೆ. ಯಾರೋ ಸರಪಟಾಕಿ ಹಚ್ಚಿದರು. ಕುದುರೆ ಕತ್ತು ಬಾಗಿಸಿ ಕುಣಿಯಿತು. ಜನ ಚಪ್ಪಾಳೆ ಹೊಡೆದರು.

ಕುದುರೆಯ ಹಿಂದೆ, ರಸ್ತೆಯಾಚೆಯ ತೋಟದ ಕಡೆಗೇ ರೇವತಿಯ ಕಣ್ಣು. ಅಷ್ಟರಲ್ಲಿ ಯಾರೋ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಗುಂಪನ್ನು ಸೀಳಿಕೊಂಡು ಬಂದ ಇಲ್ಡಿಕೊ. ಅವಳೂ ತೋಟದ ಕಡೆಗೇ ನೋಡುತ್ತಿದ್ದಳು. ತುಟಿ ಬಿಳುಚಿತ್ತು.

“ರೇವತಿ, ಇವತ್ತು ಆನೆ ಎಲ್ಲಿ?”

ರೇವತಿ ಫೋನು ತೆಗೆದಳು. ಈ ಸಲ ಮೊದಲು ಸಮಯ ಓದಿದಳು.

“ಇವತ್ತಿನದು. ಎಂಟು ಗಂಟೆ ಹತ್ತು ನಿಮಿಷ. ಹೊಳೆ ಆಚೆ.”

ಇಲ್ಡಿಕೊ ತಲೆಯಾಡಿಸಿದಳು. ಪಟಾಕಿ ಮುಗಿಯುವ ತನಕ ಅವಳು ಕೈ ಬಿಡಲಿಲ್ಲ.