ಹಳದಿಯ ವಾರದಲ್ಲಿ ನೀಲಿ ಬೆರಳು

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಯಾರ ಕೈಯೂ ಹುಟ್ಟಿದ ಬಣ್ಣದಲ್ಲಿ ಉಳಿದಿರುವುದಿಲ್ಲ. ಹಾಗಾಗಿ ಎಲ್ಲರೂ ಬಣ್ಣದಕ್ಕ ಎನ್ನುವ ಹೆಂಗಸಿನ ಬೆರಳು ನೀಲಿಗಟ್ಟಿದಾಗ ಯಾರೂ ಅದನ್ನು ರೋಗವೆಂದು ಎಣಿಸಲಿಲ್ಲ. ಇಪ್ಪತ್ತು ವರ್ಷ ತಣ್ಣೀರಿನ ತೊಟ್ಟಿಯಲ್ಲಿ ನೂಲು ಜಾಲಿಸಿದ ಅವಳೂ ಎಣಿಸಲಿಲ್ಲ. ಬೆಳಗ್ಗೆ ಬೆರಳು ಊದಿ ಮಡಿಚಲು ಬರುತ್ತಿರಲಿಲ್ಲ. ಬಿಸಿಲಿಗೆ ಹೋದರೆ ಕೆನ್ನೆ ಉರಿಯುತ್ತಿತ್ತು. ಮಧ್ಯಾಹ್ನಕ್ಕೆಲ್ಲ ಮೈ ಒದ್ದೆ ನೂಲಿನಂತೆ ಜೋತುಬೀಳುತ್ತಿತ್ತು. ವಯಸ್ಸಾಯಿತಲ್ಲ ಎಂದಳು ಓರಗಿತ್ತಿ. ರಕ್ತ ಕಡಿಮೆ ಎಂದು ಬೀದಿಯ ಡಾಕ್ಟರು ಶಕ್ತಿಮಾತ್ರೆ ಬರೆದರು. ಮೇಸ್ತ್ರಿ ಮಾತ್ರ, ಇದು ಮೈಗಳ್ಳತನ, ಮುಂದಿನ ತಿಂಗಳ ಕೊನೆಗೆ ಮನೆಗೆ ನಡೆ ಎಂದುಬಿಟ್ಟ.

ಮರುದಿನ ತೊಟ್ಟಿಯಿಂದ ಕೈ ತೆಗೆದಾಗ ಬೆರಳ ತುದಿಗಳು ಸುಣ್ಣದಂತೆ ಬೆಳ್ಳಗಾಗಿ, ನೋಡನೋಡುತ್ತ ನೀಲಿಗೆ ತಿರುಗಿದವು.

"ಇವತ್ತೂ ಸೋಪು ಮರೆತ್ಯೇನಕ್ಕಾ?" ಎಂದು ಪಕ್ಕದವಳು ನಕ್ಕಳು.

"ಈ ವಾರ ಪೂರ್ತಿ ಹಾಕಿದ್ದು ಹಳದಿ ಕಣೇ. ನೀಲಿ ಎಲ್ಲಿಂದ ಬಂತು?"

ಒಳಗಿಂದ ಬಂದಿತ್ತು. ಒಳಗೆ ಕೂತು ಬಣ್ಣ ಹಾಕುತ್ತಿರುವವರು ಯಾರೆಂದು ತಿಳಿಯದೆ ಬಿಡುವವಳಲ್ಲ ಅವಳು. ನೂಲಿನ ಮಾದರಿ ಕಟ್ಟುವ ರಟ್ಟೊಂದನ್ನು ತೆಗೆದುಕೊಂಡು ದಿನವೂ ಬೆರಳಿನ ಬಣ್ಣಕ್ಕೆ ಹೊಂದುವ ಎಳೆ ಹುಡುಕಿ ಕಟ್ಟಿದಳು: ಬಿಳಿ, ನೀಲಿ, ಆಮೇಲೆ ಉರಿಯೊಡನೆ ಕೆಂಪು. ಕೆನ್ನೆಗೆ ಬೇರೆ ಸಾಲು. ಕೀಲು ನೊಂದ ದಿನ ಒಂದು ಗಂಟು. ಕಟ್ಟಿ ಮುಗಿಸಿ ದೇವರ ಮುಂದೆ ಕೂತು ಮೆಲ್ಲಗೆ ಹೇಳುತ್ತಿದ್ದಳು: "ನೋವು ಕೊಟ್ಟಿದೀಯ ಸ್ವಾಮಿ, ಹೊರ್ತೀನಿ. ಮೈಗಳ್ಳಿ ಅನ್ನೋ ಹೆಸರು ಮಾತ್ರ ಹೊರಲ್ಲ."

ಮೂರು ವಾರದ ರಟ್ಟು ದೊಡ್ಡಾಸ್ಪತ್ರೆಯ ಡಾಕ್ಟರಮ್ಮನ ಮೇಜಿಗೆ ಹೋಯಿತು. ಡಾಕ್ಟರಮ್ಮ ಎಳೆಎಳೆಯಾಗಿ ಓದಿ ರಕ್ತಪರೀಕ್ಷೆ ಬರೆದರು. ಫಲಿತಾಂಶ ಬಂದ ದಿನ ಬಿಡಿಸಿ ಹೇಳಿದರು: ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಚರ್ಮ, ಕೀಲು, ರಕ್ತನಾಳಗಳನ್ನು ಕಾಡುತ್ತಿದೆ, ಬೇರೆಬೇರೆಯಾಗಿ ಕಂಡ ಲಕ್ಷಣವೆಲ್ಲ ಒಂದೇ ರೋಗದ್ದು, ಪೂರ್ತಿ ಹೋಗದು, ಔಷಧಿಗೆ ಬಗ್ಗೀತು, ತಣ್ಣೀರು ಮುಟ್ಟಬಾರದು.

"ಬೇಲೀನೇ ಎದ್ದು ಹೊಲ ಮೇಯ್ದಂಗಾಯ್ತು," ಎಂದಳು ಬಣ್ಣದಕ್ಕ. "ಇರಲಿ. ಹೊಲ ಇನ್ನೂ ನಂದೇ."

ಮೇಸ್ತ್ರಿ ಗಡುವು ಕೊಟ್ಟಿದ್ದ ತಿಂಗಳ ಕೊನೆಯ ದಿನ ಡಾಕ್ಟರಮ್ಮನ ಚೀಟಿಯನ್ನೂ ರಟ್ಟನ್ನೂ ಮೇಸ್ತ್ರಿಯ ಮುಂದಿಟ್ಟು, ತೊಟ್ಟಿ ಬಿಡುತ್ತೇನೆ, ಕಾರ್ಖಾನೆ ಬಿಡುವುದಿಲ್ಲ, ನೂಲನ್ನು ಮಾದರಿಯ ಪಕ್ಕ ಹಿಡಿದು ಬಣ್ಣ ಹೊಂದಿಸುವ ಮೇಜು ನನಗೆ ಕೊಡಿ ಎಂದಳು.

ಮೇಸ್ತ್ರಿ ರಟ್ಟು ತಿರುಗಿಸಿ, ತಪ್ಪು ಹುಡುಕಿದ. "ಈ ನೀಲಿ, ಆ ನೀಲಿ, ಎರಡೂ ಒಂದೇ ಅಲ್ವೇನಮ್ಮಾ?"

"ಒಂದು ಮಂಗಳವಾರದ್ದು, ಇನ್ನೊಂದು ಗುರುವಾರದ್ದು. ನಿಮಗೆ ಬೇರೆ ಕಾಣ್ದಿದ್ರೆ, ಆ ಮೇಜಿಗೆ ನಾನೇ ಬೇಕು."

ಉಣ್ಣೆಯ ಕೈಗವಸು ಏರಿಸಿ ಅವಳು ಮೇಜಿನ ಮುಂದೆ ಕೂತಳು. ಮೇಸ್ತ್ರಿ ಏಳಿಸಲಿಲ್ಲ.