ಒಂದುವೇಳೆ ಭಾವನ ಕಾರು

ರಸ್ತೆ ದಾಟುವಾಗ ಎಡಕ್ಕೂ ಬಲಕ್ಕೂ ನೋಡುವವರು ಲೋಕದಲ್ಲಿ ಬಹಳ ಮಂದಿ. ಹಜಾರದಿಂದ ಅಡುಗೆಮನೆಗೆ ದಾಟುವಾಗಲೂ ಹಾಗೆ ನೋಡುತ್ತಿದ್ದವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ನನ್ನ ಅಕ್ಕನ ಗಂಡ. ಬೀದಿಯಲ್ಲಿ ಗೋಡೆಗೆ ಭುಜ ತಾಗಿಸಿಕೊಂಡೇ ನಡೆಯುತ್ತಿದ್ದರು, ನಡುಬೀದಿಯೆಂಬುದು ಯಾರೋ ಧೀರರಿಗೆ ಬರೆದುಕೊಟ್ಟ ಆಸ್ತಿಯೆಂಬಂತೆ. ಬೇಸಿಗೆಯೆನ್ನದೆ ಚಳಿಯೆನ್ನದೆ ತೊಡುತ್ತಿದ್ದ ಬೂದುಬಣ್ಣದ ಉದ್ದ ಕೋಟಿನ ಜೇಬುಗಳಲ್ಲಿ ಪುಟ್ಟ ಟಾರ್ಚು, ಸೂಜಿದಾರ, ಹುರಿಯ ಉಂಡೆ ಇರುತ್ತಿದ್ದವು. ಜೊತೆಗೆ ತಲೆನೋವಿನ ಮಾತ್ರೆ. ಅವರಿಗೆ ತಲೆನೋವು ಬಂದದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಕೇಳಿದರೆ, "ಒಂದು ವೇಳೆ ಬಂದ್ರೆ?" ಎನ್ನುತ್ತಿದ್ದರು. ಈ 'ಒಂದು ವೇಳೆ'ಯನ್ನು ಮುಂದಿಟ್ಟುಕೊಳ್ಳದೆ ಅವರ ಬಾಯಿಂದ ಒಂದು ವಾಕ್ಯವೂ ಹೊರಬೀಳುತ್ತಿರಲಿಲ್ಲವಾಗಿ, ನನ್ನ ಅಣ್ಣ ಅವರಿಗೆ 'ಒಂದುವೇಳೆ ಭಾವ' ಎಂದು ಹೆಸರಿಟ್ಟ. ಅವರು ನಕ್ಕು ಒಪ್ಪಿಕೊಂಡರು. ಒಪ್ಪದಿದ್ದರೆ ಜಗಳವಾದೀತೆಂಬ ಅಂಜಿಕೆಯೂ ಆ ನಗುವಿನಲ್ಲಿ ಇದ್ದಿರಬೇಕು.

ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವರ ಕೆಲಸ. ನೆಲಮಾಳಿಗೆಯ ಒಂದೇ ಕಿಟಕಿಯ ಕೋಣೆಯಲ್ಲಿ, ಅಂಟಿನ ಡಬ್ಬಿಯ ಹುಳಿವಾಸನೆಯ ನಡುವೆ, ಜೀರ್ಣವಾದ ಹಾಳೆಗಳನ್ನು ಹಸುಗೂಸಿನ ಕೆನ್ನೆ ಮುಟ್ಟುವಂತೆ ಮುಟ್ಟುತ್ತ ಅವರು ಅರ್ಧ ಆಯುಷ್ಯ ಕಳೆದಿದ್ದರು. ಅಲ್ಲಿ ಅವರಿಗೆ ಯಾವ ಭಯವೂ ಇರಲಿಲ್ಲ. ಪುಸ್ತಕ ಎಲ್ಲಿಗೂ ಓಡುವುದಿಲ್ಲವಲ್ಲ.

ಅವರ ತಂದೆಯಾದರೋ ಇದಕ್ಕೆ ತದ್ವಿರುದ್ಧವಾದ ಪಿಂಡ. ಉದ್ದ ಮೂತಿಯ, ಗುಂಡು ದೀಪಗಳ, ಪಾಚಿಹಸಿರು ಬಣ್ಣದ ಕಾರೊಂದನ್ನು ಒಂದೇ ಕೈಯಲ್ಲಿ ಓಡಿಸುತ್ತ, ಇನ್ನೊಂದು ಕೈಯಿಂದ ಬಾಗಿಲನ್ನು ಹೊರಗಿನಿಂದ ಬಡಿಯುತ್ತ, ತಿರುವು ಬಂದಲ್ಲೆಲ್ಲ ಮುಂದಿನ ಗಾಡಿಯನ್ನು ಹಿಂದೆ ಹಾಕುತ್ತಿದ್ದ ಮನುಷ್ಯ. "ಹುಲಿ ಹೊಟ್ಟೇಲಿ ಇಲಿ ಹುಟ್ಟಿದೆ" ಎಂದು ಮಗನ ಎದುರಿಗೇ ನೆಂಟರಿಗೆ ಹೇಳುತ್ತಿದ್ದರಂತೆ. ಅವರು ತೀರಿಕೊಂಡಾಗ, ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ವರ್ಷಗಳಿಂದ ತುಕ್ಕು ತಿನ್ನುತ್ತಿದ್ದ ಆ ಕಾರು ಒಬ್ಬನೇ ಮಗನ ಪಾಲಿಗೆ ಬಂತು. ಅದು ನೇರ ಗುಜರಿಗೆ ಹೋಗುತ್ತದೆಂದು ನಾವೆಲ್ಲ ತಿಳಿದಿದ್ದೆವು. ಭಾವ ಮಾತ್ರ ಅದನ್ನು ಎಳೆಸಿಕೊಂಡು ಬಂದು ತಮ್ಮ ಅಂಗಳದಲ್ಲಿ ನಿಲ್ಲಿಸಿ, ತಾವೇ ರಿಪೇರಿ ಮಾಡುವುದಾಗಿ ಹೇಳಿದರು.

ಅಣ್ಣನಿಗೆ ನಗು ತಡೆಯಲಾಗಲಿಲ್ಲ. ಚಕ್ರವಿದ್ದದ್ದನ್ನೆಲ್ಲ ಓಡಿಸಬಲ್ಲೆನೆಂದು ನಂಬಿದವನು ಅವನು. "ಭಾವ, ನೀವು ಸ್ಪ್ಯಾನರ್ ಹಿಡಿದದ್ದನ್ನೇ ನಾನು ನೋಡಿಲ್ಲ. ಯಾಕೆ ಸುಮ್ನೆ ಈ ಉಸಾಬರಿ?"

"ಚಿಕ್ಕವನಿದ್ದಾಗ ಇದರ ಹಿಂದಿನ ಸೀಟಲ್ಲಿ ಕಣ್ಣು ಮುಚ್ಕೊಂಡು ಕೂತಿರ್ತಿದ್ದೆ ನೋಡಿ," ಎಂದರು ಭಾವ. "ಕಣ್ಣು ಬಿಟ್ಟು ಒಂದ್ಸಲ ಒಳಗೇನಿದೆ ಅಂತ ನೋಡೋಣ ಅಂತ."

ಕಾರಿನೊಳಗೆ ಅದರ ಕೈಪಿಡಿ ಸಿಕ್ಕಿತು, ಬೆನ್ನು ಮುರಿದು, ಹಾಳೆ ಉದುರಿ. ಭಾವ ಮಾಡಿದ ಮೊದಲ ರಿಪೇರಿ ಆ ಪುಸ್ತಕದ್ದು. ವಾರವೆಲ್ಲ ಕೂತು ಅದಕ್ಕೆ ಹೊಸ ಹೊಲಿಗೆ ಹಾಕಿ, ಬಟ್ಟೆಯ ರಟ್ಟು ಕಟ್ಟಿ, ಆಮೇಲೆ ಓದತೊಡಗಿದರು. ಎರಡನೆಯದು ಸೀಟು. ಇಲಿ ಕಡಿದ ಚರ್ಮವನ್ನು ಬಿಚ್ಚಿ, ಗ್ರಂಥಗಳಿಗೆ ಹಾಕುವ ಹೊಲಿಗೆಯನ್ನೇ ಹಾಕಿ, ಅದನ್ನು ಅರಮನೆಯ ಆಸನದಂತೆ ಮಾಡಿಟ್ಟರು. "ಕೂರೋಕೆ ಸೀಟು ರೆಡಿ, ಹೋಗೋಕೆ ಕಾರಿಲ್ಲ," ಎಂದಳು ಅಕ್ಕ.

ಎಂಜಿನ್ನು ಕಚ್ಚಿಕೊಂಡು ಕಲ್ಲಾಗಿತ್ತು. ಬೀದಿಯ ಕೊನೆಯ ಗ್ಯಾರೇಜಿನವನು ಬಂದು ನೋಡಿ, "ಸುತ್ತಿಗೇಲಿ ಎರಡು ಬಿಡಿ ಸಾರ್, ಬಾಯಿ ಬಿಡುತ್ತೆ" ಎಂದ.

"ಒಂದು ವೇಳೆ ಪೆಟ್ಟಾದ್ರೆ?"

"ಯಾರಿಗೆ ಸಾರ್, ನಿಮಗಾ ಎಂಜಿನ್ನಿಗಾ?"

ಭಾವ ಪೆಟ್ಟು ಕೊಡಲಿಲ್ಲ. ಎಣ್ಣೆ ಸುರಿದು ಕಾದರು. ದಿನಾ ಸಂಜೆ ಬಂದು ಒಂದಿಷ್ಟು ತಿರುಗಿಸಿ ನೋಡಿ, ಬೇಜಾರಿಲ್ಲದೆ ಕೈ ಒರೆಸಿಕೊಂಡು ಒಳಗೆ ಹೋದರು. ಕೊನೆಗೊಂದು ಸಂಜೆ ಅದು ಮಣಿಯಿತು. ಹಾಗೆಂದು ತಪ್ಪುಗಳಿಗೇನೂ ಬರವಿರಲಿಲ್ಲ. ಪ್ಲಗ್ಗಿನ ತಂತಿಗಳನ್ನು ಅದಲುಬದಲು ಸಿಕ್ಕಿಸಿದ ದಿನ ಕಾರು ಸಿಡಿಮದ್ದಿನಂತೆ ಕೆಮ್ಮಿ, ಓಣಿಯ ಕಾಗೆಗಳೆಲ್ಲ ಎದ್ದುಹೋದವು. ಭಾವ ನೀರಿನ ಡ್ರಮ್ಮಿನ ಹಿಂದೆ ಅವಿತಿದ್ದರು. ಸ್ವಲ್ಪ ಹೊತ್ತಿಗೆ ಡ್ರಮ್ಮಿನ ಹಿಂದಿನಿಂದಲೇ, "ಆದ್ರೂ ಉಸಿರಿದೆ ಅಂತಾಯ್ತು," ಎಂಬ ಮಾತು ಕೇಳಿಸಿತು.

ಎಲ್ಲವೂ ಕೂಡಿಬಂದು ಕಾರು ಅಂಗಳದಲ್ಲಿ ಹಿಂದೆ ಮುಂದೆ ಓಡಾಡತೊಡಗಿದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಮೊದಲ ಸವಾರಿಯೆಂದು ನಿಶ್ಚಯವಾಯಿತು. ಓಡಿಸುವವನು ಅಣ್ಣ. ಅದನ್ನು ಅವನೇ ತೀರ್ಮಾನಿಸಿದ್ದ; ಬೇಡವೆನ್ನುವುದು ಭಾವನ ಅಭ್ಯಾಸದಲ್ಲಿರಲಿಲ್ಲ. ನಾನೂ ಅಕ್ಕನೂ ಹಿಂದೆ ಕೂತೆವು. ಅವರ ಮನೆಯ ಗೇಟಿನಿಂದಲೇ ಬೀದಿ ಕಡಿದಾಗಿ ಇಳಿಯುತ್ತದೆ. ಇಳಿಜಾರಿನ ಬುಡದಲ್ಲಿ ದೊಡ್ಡ ರಸ್ತೆ, ಬಸ್ ನಿಲ್ದಾಣ, ತರಕಾರಿ ಕೊಳ್ಳುವವರ ಗುಂಪು. ಭಾವ ಕಾರನ್ನು ಗೇಟಿನಾಚೆ ತಂದು ನಿಲ್ಲಿಸಿ, ಅಣ್ಣನಿಗೆ ಜಾಗ ಬಿಟ್ಟು ಇಳಿದವರು, ಅಲ್ಲೇ ನಿಂತರು.

"ಬ್ರೇಕಿನ ಪೆಡಲು ನಿನ್ನೆಗಿಂತ ಒಂದು ಬೆರಳು ಕೆಳಗೆ ಹೋಗ್ತಿದೆ."

ಅಣ್ಣ ಒತ್ತಿ ನೋಡಿದ. "ಚೆನ್ನಾಗೇ ಹಿಡೀತಿದೆ ಭಾವ, ಹತ್ತಿ."

"ಒಂದು ವೇಳೆ..." ಎಂದು ಅವರು ಶುರುಮಾಡಿದ್ದೇ ತಡ, ಕಾರಿನಲ್ಲಿದ್ದ ಮೂವರಿಗೂ ನಗು ಒತ್ತರಿಸಿ ಬಂತು. ಅಣ್ಣ ನಗುತ್ತಲೇ ಗೇರು ಹಾಕಿದ. ಆಗ ಭಾವ ಗೋಡೆಯನ್ನು ಬಿಟ್ಟು, ನಡುಬೀದಿಗೆ ನಡೆದು, ಕಾರಿನ ಮುಂದಿನ ಬಂಪರಿಗೆ ಬೆನ್ನು ಕೊಟ್ಟು, ಕೋಟಿನ ಸಮೇತ ನೆಲದ ಮೇಲೆ ಕೂತುಬಿಟ್ಟರು.

ನೆರೆಮನೆಯವರು ಕಿಟಕಿಗೆ ಬಂದರು. ಅಣ್ಣ ಹಾರನ್ ಹೊಡೆದ. ಬೋಳಾಗುತ್ತಿದ್ದ ಆ ತಲೆ ಅಲುಗಲಿಲ್ಲ.

"ಕೆಳಗಿಳಿ," ಎಂದರು ಭಾವ, ತಿರುಗಿ ನೋಡದೆ.

ತಮಗಿಂತ ಕಿರಿಯರಾದ ನಮ್ಮನ್ನೂ ಅವರು ಅಂದಿನವರೆಗೆ ಬಹುವಚನ ಬಿಟ್ಟು ಮಾತಾಡಿಸಿರಲಿಲ್ಲ. ಆ ಏಕವಚನ ಕೇಳಿದ್ದೇ ಅಕ್ಕನ ನಗು ನಿಂತಿತು. ಮೊದಲು ಇಳಿದವಳು ಅವಳು. ಹಿಂದೆಯೇ ನಾನು. ಅಣ್ಣ ಮುಖ ಊದಿಸಿಕೊಂಡು ಎಂಜಿನ್ ಆರಿಸಿದ.

ಕಾರನ್ನು ಮೂವರೂ ಒಳಕ್ಕೆ ತಳ್ಳಿದೆವು. ಭಾವ ಜಾಕ್ ಕೊಟ್ಟು ಒಂದೊಂದೇ ಚಕ್ರ ಬಿಚ್ಚಿದರು. ಹಿಂದಿನ ಬಲಚಕ್ರದ ಒಳಗೆಲ್ಲ ಒದ್ದೆ. ಬ್ರೇಕ್ ಆಯಿಲನ್ನು ಹಿಡಿದಿಡುವ ಪುಟ್ಟ ರಬ್ಬರ್ ಸೀಲಿನ ಅಂಚು ಮಡಿಚಿಕೊಂಡಿತ್ತು. ಆ ಕಾಲದ ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಆಯಿಲು. ಒಂದು ಕಡೆ ಸೋರಿದರೆ ನಾಲ್ಕೂ ಕೈಕೊಟ್ಟಂತೆ.

"ನಾನೇ ಹಾಕಿದ್ದು ಇದು," ಎಂದರು ಭಾವ. "ಹಾಕೋವಾಗ ಮಡಿಚ್ಕೊಂಡಿದೆ. ಗೊತ್ತೇ ಆಗ್ಲಿಲ್ಲ ನೋಡು."

ಅಣ್ಣ ಹೋಗಿ ಇನ್ನೊಮ್ಮೆ ಬ್ರೇಕು ಒತ್ತಿದ. ಪೆಡಲು ತಡೆಯೇ ಇಲ್ಲದೆ ನೆಲಕ್ಕೆ ಹೋಗಿ ಕೂತಿತು. ಅವನು ಇಳಿದು ಗೇಟಿನ ಬಳಿ ನಿಂತು ಇಳಿಜಾರನ್ನೂ, ಅದರ ಬುಡದಲ್ಲಿ ಬಸ್ಸಿಗೆ ಕಾಯುತ್ತಿದ್ದವರನ್ನೂ ಬಹಳ ಹೊತ್ತು ನೋಡಿ, ಹಿಂದಿರುಗಿ ಬಂದು ಭಾವನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಏನೂ ಆಗ್ಲಿಲ್ವಲ್ಲಪ್ಪ," ಎಂದು ಭಾವನೇ ಅವನ ಬೆನ್ನು ಸವರಿದರು. ಅವನ ಬಿಳಿ ಅಂಗಿಯ ಮೇಲೆ ಕಪ್ಪು ಅಂಗೈ ಮೂಡಿತು. ಅಕ್ಕ ಅದನ್ನು ನೋಡಿ ನಕ್ಕಳು, ನಗುತ್ತಲೇ ಅತ್ತಳು, ಅಳುತ್ತಲೇ ಗದರಿದಳು: "ಏಳ್ರೀ ಮೇಲೆ, ನಡುಬೀದೀಲಿ ಕೂತು ಕೋಟೆಲ್ಲ ಹಾಳು ಮಾಡ್ಕೊಂಡಿದೀರಿ." ನಾವು ನಾಲ್ವರೂ ಆ ಬಿಚ್ಚಿದ ಚಕ್ರಗಳ ನಡುವೆ ಕೂತು, ಹುಚ್ಚರಂತೆ, ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಭಾವ ನಾಲ್ಕೂ ಚಕ್ರಗಳ ಬ್ರೇಕನ್ನು ಮತ್ತೆ ಮೊದಲಿನಿಂದ ಮಾಡಿದರು, ಸರಿಯಾಗಿದ್ದ ಮೂರನ್ನೂ ಬಿಡದೆ. ಮುಂದೆ ಕಾರು ಹೊರಟ ದಿನ ಓಡಿಸಿದವರು ಅವರೇ. ಅಣ್ಣ ಪಕ್ಕದಲ್ಲಿ ತೆಪ್ಪಗೆ ಕೂತಿದ್ದ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ನಮ್ಮನ್ನು ಹಿಂದೆ ಹಾಕಿದ. ಇಳಿಜಾರಿನ ನಡುವೆ ಭಾವ ಬ್ರೇಕು ಒತ್ತಿದರು, ಕಾರು ನಿಂತಿತು. ಒಂದಿಷ್ಟು ಹೋಗಿ ಮತ್ತೆ ಒತ್ತಿದರು. ಮತ್ತೆ ನಿಂತಿತು.

"ಇನ್ನೆಷ್ಟು ಸಲ ನಿಲ್ಲಿಸ್ತೀರಿ ಮಾರಾಯ್ರೇ?" ಎಂದಳು ಅಕ್ಕ.

"ನಿಲ್ಲುತ್ತಲ್ಲ, ಅದಕ್ಕೇ," ಎಂದರು ಅವರು. ಕನ್ನಡಿಯಲ್ಲಿ ಅವರ ಮುಖ ಕಂಡಿತು. ಅಷ್ಟು ನಿರಾಳವಾದ ಮುಖವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಧೀರರು ಒದಗಿಬಂದ ಆಪತ್ತನ್ನು ಎದುರಿಸುತ್ತಾರೆ. ಅದಕ್ಕೊಂದು ಕಥೆಯಾಗುತ್ತದೆ, ಕಥೆಗೆ ಕೇಳುಗರಿರುತ್ತಾರೆ. ಅಂಜುವವರು ತಪ್ಪಿಸಿದ ಆಪತ್ತಿಗೆ ಕಥೆಯಿಲ್ಲ, ಏಕೆಂದರೆ ಅದು ನಡೆಯಲೇ ಇಲ್ಲ. ತಮ್ಮ ಕೈಯೂ ತಪ್ಪಬಲ್ಲದೆಂಬುದನ್ನು ಅರೆಕ್ಷಣವೂ ಮರೆಯದ ಇಂಥವರು ಮನೆಗೊಬ್ಬರಾದರೂ ಇರುತ್ತಾರೆ. ನಾವು ಅವರನ್ನು ನೋಡಿ ನಗುತ್ತೇವೆ. ಸಂಜೆಯಾಗುತ್ತದೆ, ಹೊರಗೆ ಹೋದವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಬಂದು ಚಪ್ಪಲಿ ಬಿಡುತ್ತಾರೆ. ಅದನ್ನು ಯಾರೂ ಸಾಹಸವೆಂದು ಎಣಿಸುವುದಿಲ್ಲ.